ಅಪ್ಪನ ಮೋರೆ

ಕುಮಟಾ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹತ್ತಿದರೆ ನಮ್ಮ ಕಡೆ ಮೊದಲು ಕೇಳುವುದು "ಯಾರ ಮನಿಗೆ?" ಎಂದು. ನಾನು ಊರಿನ ಹೆಸರು ಹೇಳುತ್ತೇನೆ. ರಿಕ್ಷಾದವರು ಕನ್ನಡಿಯಲ್ಲಿ ಒಮ್ಮೆ ನೋಡಿ, "ಓ, ಬೈಲಮನೆಯವ್ರು. ಅಪ್ಪಂದೇ ಮೋರೆ ಅದೆ" ಅನ್ನುತ್ತಾರೆ. ಅಲ್ಲಿಗೆ ನನ್ನ ಪರಿಚಯ ಮುಗಿಯಿತು. ನಾನು ಏನು ಓದಿದ್ದೇನೆ, ಯಾವ ದೇಶದಲ್ಲಿ ಎಂಥ ಕೆಲಸ ಮಾಡುತ್ತೇನೆ, ಇದೆಲ್ಲ ಆಮೇಲಿನ ಮಾತು. ಅಘನಾಶಿನಿಯ ಉಪ್ಪುನೀರು ಏರಿಳಿಯುವ ಗಜನಿಯಲ್ಲಿ ಕಗ್ಗದ ಭತ್ತ ಬೆಳೆಯುತ್ತಿದ್ದವರ ಮಗ ನಾನು. ಊರಿಗೆ ಅಷ್ಟು ಸಾಕು.

ಜರ್ಮನಿಯ ಹ್ಯಾಂಬರ್ಗಿಗೆ ಬಂದು 22 ವರ್ಷವಾಯಿತು. ಇಲ್ಲಿ ನಮ್ಮ ಕಟ್ಟಡದ ಬಾಗಿಲಲ್ಲಿ ಕರೆಗಂಟೆಯ ಹನ್ನೆರಡು ಗುಂಡಿಗಳಿವೆ. ಒಂದೊಂದರ ಪಕ್ಕದಲ್ಲೂ ಒಂದೊಂದು ಮನೆತನದ ಹೆಸರು, ಅಷ್ಟೆ. ಮನೆಗಳಿಗೆ ನಂಬರಿಲ್ಲ. ಅಂಚೆಯವರೂ ಆ ಹೆಸರು ಓದಿಯೇ ಕಾಗದ ಹಾಕುತ್ತಾರೆ. ನಮ್ಮೂರಲ್ಲಿ ನಾಯ್ಕ ಎಂದರೆ ಯಾರೆಂದು ತಿಳಿಯುವುದಿಲ್ಲ, ಅರ್ಧ ಊರೇ ನಾಯ್ಕರು. ಹಾಗಾಗಿ ಅಲ್ಲಿ ಬೈಲಮನೆ, ಹೊಳೆಬದಿ, ಕಟ್ಟೆಮೇಲಿನವರು ಎಂದೆಲ್ಲ ಸೇರಿಸಬೇಕು. ಇಲ್ಲಿ ಆ ಹೆಸರಿನವನು ನಾನೊಬ್ಬನೇ. ಎದುರು ಮನೆಯ ಅಜ್ಜಿಗೆ ಹನ್ನೆರಡು ವರ್ಷದಿಂದ ನನ್ನ ಹೆಸರು ಗೊತ್ತು. ನನ್ನ ತಂದೆ ಯಾರು ಎಂದು ಅವರು ಒಮ್ಮೆಯೂ ಕೇಳಿಲ್ಲ, ನಾನಾಗಿ ಹೇಳದೆ ಕೇಳುವವರೂ ಅಲ್ಲ. ನನ್ನ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎನ್ನುವುದು ಇಲ್ಲಿ ನನಗೇ ಬಿಟ್ಟದ್ದು.

2010ರಲ್ಲಿ ಗೂಗಲ್‌ನವರು ಇಲ್ಲಿಯ ಬೀದಿಗಳ ಚಿತ್ರ ತೆಗೆದು ನಕಾಶೆಗೆ ಹಾಕಲು ಬಂದಾಗ ಸುಮಾರು 2.44 ಲಕ್ಷ ಮನೆಗಳವರು "ನಮ್ಮ ಮನೆಯನ್ನು ಮಸುಕು ಮಾಡಿ" ಎಂದು ಬರೆದುಕೊಟ್ಟರು. ಆಗ ನನಗೆ ಅದು ಅತಿ ಅನಿಸಿತ್ತು. ಬೀದಿಯಲ್ಲಿ ಹೋಗುವ ಯಾರಿಗೂ ಕಾಣುವ ಗೋಡೆಯನ್ನು ಮುಚ್ಚಿಡುವುದು ಎಂತಕ್ಕೆ ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ನಾಲ್ಕು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ ಎದ್ದು ಫೋನು ನೋಡಿದೆ. ನಮ್ಮ ನೆಂಟರೊಬ್ಬರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅಪ್ಪ ಇದ್ದರು. ಜಗಲಿಯ ಮೇಲೆ ಚಾಪೆ, ಮೂಗಿಗೆ ಹತ್ತಿ, ತುಳಸಿ ಮಾಲೆ, ಬರಿ ಮೈ, ಬಾಯಿ ಸ್ವಲ್ಪ ತೆರೆದಿತ್ತು. ಕೆಳಗೆ ಕೈಮುಗಿಯುವ ಚಿತ್ರ ಎರಡು. ತಮ್ಮ ರಾತ್ರಿಯೇ ನಾಲ್ಕು ಸಲ ಕರೆ ಮಾಡಿದ್ದ, ನಾನು ಸದ್ದು ಆರಿಸಿ ಮಲಗಿದ್ದೆ. ಅಪ್ಪ ಹೋದರೆಂದು ಮನೆಯವರ ಬಾಯಿಂದ ಕೇಳುವ ಮೊದಲೇ ನಾನು ನೋಡಿಬಿಟ್ಟಿದ್ದೆ. ನನಗಿಂತ ಮೊದಲು 86 ಜನ ನೋಡಿದ್ದರೆಂದು ಆಮೇಲೆ ಆ ನೆಂಟರೇ ಹೇಳಿದರು.

ಅಪ್ಪ ಇಡೀ ಆಯುಷ್ಯದಲ್ಲಿ ಫೋಟೋಕ್ಕೆ ನಿಂತದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಮದುವೆಯದ್ದು ಒಂದು, ಆಧಾರಿನದ್ದು ಒಂದು, ನನ್ನ ಪಾಸ್‌ಪೋರ್ಟ್ ಬಂದ ದಿನ ಅಂಗಳದಲ್ಲಿ ತೆಗೆದದ್ದು ಒಂದು. ಪ್ರತಿ ಸಲವೂ ಕತ್ತಿನ ಹತ್ತಿರದ ಮೇಲಿನ ಗುಂಡಿ ಹಾಕಿಕೊಂಡು, ಅಂಗಿಯನ್ನು ಎರಡೂ ಕೈಯಲ್ಲಿ ಕೆಳಗೆ ಎಳೆದುಕೊಂಡು, "ಹ್ಞಾ, ಈಗ ತೆಗಿ" ಅನ್ನುತ್ತಿದ್ದರು. ಆ ಗುಂಡಿ ಹಾಕುವ ಬೆರಳುಗಳೇ ನನಗೆ ಅಪ್ಪ. ತಾನು ಹೇಗೆ ಕಾಣಬೇಕು ಎನ್ನುವುದರಲ್ಲಿ ಅವರಿಗೆ ಇದ್ದದ್ದು ಅಷ್ಟೇ ಹಠ. ಆ ಬೆಳಿಗ್ಗೆ ಅವರಿಗೆ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ಯಾರೂ ಹಾಕಲೂ ಇಲ್ಲ.

ಕ್ರಿಯಾಕರ್ಮ ಮುಗಿಸಿ ಹ್ಯಾಂಬರ್ಗಿಗೆ ಮರಳಿದ ಮೇಲೆ ಒಂದು ಸಂಜೆ, ಬಂದರಿನ ಹತ್ತಿರದ ದಿಬ್ಬದಲ್ಲಿ ನಿಂತಿರುವ, ಜರ್ಮನಿಯನ್ನು ಒಂದುಗೂಡಿಸಿದ ಬಿಸ್ಮಾರ್ಕನ ಕಲ್ಲಿನ ಪ್ರತಿಮೆಯ ಬುಡದಲ್ಲಿ ನನ್ನ ಸಹೋದ್ಯೋಗಿಗೆ ಇದನ್ನು ಹೇಳಿಕೊಂಡೆ. ಅವರು ಮೇಲೆ ನೋಡಿ, "ಇವನಿಗೂ ಹೀಗೇ ಆಗಿತ್ತು" ಎಂದರು. 1898ರ ಜುಲೈ 30ರ ರಾತ್ರಿ ಬಿಸ್ಮಾರ್ಕ್ ತೀರಿಕೊಂಡದ್ದು ಇಲ್ಲಿಂದ ಹತ್ತಿರದ ಫ್ರೀಡ್ರಿಕ್ಸ್‌ರೂ ಎಂಬಲ್ಲಿ. ಹ್ಯಾಂಬರ್ಗಿನ ಇಬ್ಬರು ಫೋಟೋಗ್ರಾಫರುಗಳು ಆ ರಾತ್ರಿಯೇ ಕದ್ದು ಒಳಗೆ ನುಗ್ಗಿ, ಮೆಗ್ನೀಸಿಯಂ ಬೆಳಕಿನಲ್ಲಿ ಹೆಣದ ಚಿತ್ರ ತೆಗೆದು ಮಾರಲು ಹೊರಟಿದ್ದರು. ಮನೆಯವರು ಕೋರ್ಟಿಗೆ ಹೋದರು, ಗಾಜಿನ ಫಲಕಗಳು ಜಪ್ತಿಯಾದವು, ಇಬ್ಬರೂ ಜೈಲು ಕಂಡರು. ಆದರೆ ಮನುಷ್ಯನ ಚಿತ್ರದ ಮೇಲೆ ಮನುಷ್ಯನಿಗೆ ಹಕ್ಕಿದೆ ಎನ್ನುವ ಕಾನೂನು ಆಗ ಇರಲಿಲ್ಲ. ಅನುಮತಿಯಿಲ್ಲದೆ ಮನೆ ಹೊಕ್ಕದ್ದೇ ತಪ್ಪು ಎಂಬ ಆಧಾರದ ಮೇಲೆ ತೀರ್ಪು ಕೊಡಬೇಕಾಯಿತು. ಆ ಕೊರತೆ ತುಂಬಲು 1907ರಲ್ಲಿ ಕಾನೂನು ಬಂತು: ಒಬ್ಬರ ಚಿತ್ರವನ್ನು ಹಂಚಲು ಅವರ ಒಪ್ಪಿಗೆ ಬೇಕು, ತೀರಿಕೊಂಡ ಮೇಲೂ ಹತ್ತು ವರ್ಷ ಮನೆಯವರ ಒಪ್ಪಿಗೆ ಬೇಕು. ಆ ಕಾನೂನು ಈಗಲೂ ಇದೆ. ಒಂದು ದೇಶವನ್ನೇ ಕಟ್ಟಿದವನಿಗೆ ಸಿಕ್ಕಿದ ಮರ್ಯಾದೆ ಗಜನಿಯಲ್ಲಿ ಭತ್ತ ಬೆಳೆದವರಿಗೂ ಸಿಗಬೇಕು ಎಂದು ಅವತ್ತು ಅಲ್ಲಿ ನಿಂತು ನನಗೆ ಬಲವಾಗಿ ಅನಿಸಿತು.

ನಮ್ಮಲ್ಲಿ ಹಕ್ಕು ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆದರೆ ತೀರ್ಪು ದೆಹಲಿಯಲ್ಲಿ ಬಂದರೆ ಜಗಲಿಯ ಮೇಲೆ ಕ್ರಮ ಬದಲಾಗುವುದಿಲ್ಲ. ಹೊರಗಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕೆಂದು ನಮಗೆ ಯಾವ ಕೋರ್ಟೂ ಹೇಳಿಕೊಟ್ಟಿಲ್ಲ. ಫೋನು ಎತ್ತುವ ಮೊದಲು "ತೆಗೀಲಾ?" ಎಂದು ಕೇಳುವುದೂ ಹಾಗೆಯೇ ಮನೆಯಿಂದ ಬರಬೇಕು.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1983ರಲ್ಲಿ ಜನಗಣತಿಯ ವಿಷಯಕ್ಕೆ ಕೊಟ್ಟ ತೀರ್ಪಿನಲ್ಲಿ ಒಂದು ಮಾತಿದೆ. ತನ್ನ ಬಗ್ಗೆ ಯಾರಿಗೆ ಏನು ಗೊತ್ತಿದೆ ಎಂದು ತಿಳಿಯದ ಮನುಷ್ಯ ತನ್ನ ನಡವಳಿಕೆಯನ್ನೇ ಬದಲಿಸಿಕೊಳ್ಳುತ್ತಾನೆ ಎನ್ನುವುದು ಅದರ ಸಾರ. ಇದನ್ನು ಓದಿದಾಗ ನನಗೆ ಊರು ನೆನಪಾಯಿತು. ಊರಿಗೂ ನನ್ನ ಬಗ್ಗೆ ಎಲ್ಲ ಗೊತ್ತು. ಆದರೆ ಆ ರಿಕ್ಷಾದವರ ಅಜ್ಜ ತದಡಿಯಲ್ಲಿ ಜನರನ್ನು ದೋಣಿ ದಾಟಿಸುತ್ತಿದ್ದರೆಂದು ನನಗೂ ಗೊತ್ತು. ಅವರು ನನ್ನನ್ನು ನೋಡಿದರೆ ನಾನೂ ಅವರನ್ನು ನೋಡುತ್ತೇನೆ. ಫೋನು ಊರಿನಷ್ಟೇ ನನ್ನನ್ನು ತಿಳಿದುಕೊಂಡಿದೆ, ಅದು ಯಾರ ಮನೆಯದ್ದೆಂದು ಕೇಳಲು ನನಗೆ ದಾರಿಯಿಲ್ಲ. ಅಪ್ಪ ಹೋಗಿ ವರ್ಷವಾದಾಗ, ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದು, ಅಲ್ಲಿಂದ ತಾನಾಗಿ ಫೋನಿಗೆ ಇಳಿದು ಕೂತಿದ್ದ ಅದೇ ಚಿತ್ರವನ್ನು ಸಂಗೀತ ಹಚ್ಚಿ "ಕಳೆದ ವರ್ಷ ಈ ದಿನ" ಎಂದು ತೋರಿಸಿತು. ತಿಥಿ ಹನ್ನೊಂದು ದಿನ ಮೊದಲೇ ಕಳೆದಿತ್ತು. ಊರಲ್ಲಿ ವರ್ಷಾಂತಿಕದ ಊಟವೂ ಆಗಿತ್ತು. ಎಲ್ಲ ನೆನಪಿಟ್ಟುಕೊಂಡ ಆ ಯಂತ್ರಕ್ಕೆ ಸಾವೆಂದು ಗೊತ್ತಿರಲಿಲ್ಲ.

ಹಾಗೆಂದು ಊರಿನ ಕಣ್ಣು ತಾಯಿಯ ಕಣ್ಣೆಂದು ನಾನು ಹೇಳಲಾರೆ. ಅಂಕೋಲಾದಲ್ಲಿರುವ ಅಕ್ಕನ ಮಗಳು ಹಾಡುತ್ತಾಳೆ. ಇನ್‌ಸ್ಟಾಗ್ರಾಮಿನಲ್ಲಿ ಅವಳಿಗೆ ಬೇರೆಯೇ ಹೆಸರು, ಮನೆತನದ ಹೆಸರಿಲ್ಲ. ಯಾಕೆಂದು ಕೇಳಿದೆ. "ಮಾವ, ಹೆಸರ ಹಿಂದೆ ಅದಿದ್ರೆ ಮೊದ್ಲು ಜಾತಿ ನೋಡ್ತ್ರು, ಆಮೇಲೆ ಹಾಡು ಕೇಳ್ತ್ರು" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಯಾರ ಮನೆಯವನು ಎನ್ನುವ ಪ್ರಶ್ನೆ ನನಗೆ ಹಿತವಾಗಿ ಕೇಳುವುದು ನಾನು ದೂರ ಇರುವುದರಿಂದ, ಗಂಡಸಾಗಿರುವುದರಿಂದ. ಅವಳಿಗೆ ಅದೇ ಪ್ರಶ್ನೆ ಬೇಲಿ. ಆ ಬೇಲಿ ದಾಟಿಸಿದ ಫೋನಿಗೆ ನಾನೂ ಋಣಿ.

ಆದರೆ ಕಳೆದ ಮೇ ತಿಂಗಳಲ್ಲಿ ಹೋದಾಗ ಅವಳು ಸುಗ್ಗಿ ಹಾಡು ಹಾಡುವುದನ್ನೇ ನಿಲ್ಲಿಸಿದ್ದಳು. ತಾಳ ಹಾಕಿದ ಮೂವತ್ತು ಸೆಕೆಂಡಿನ ಸಿನಿಮಾ ಹಾಡೊಂದು ಓಡಿತ್ತಂತೆ. ಆಮೇಲೆ ನಾಲ್ಕು ತಿಂಗಳು ಅದೇ ಬಗೆಯದ್ದು. ಅದೇ ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಜ್ಜಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಸಮುದಾಯದ ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೇಳುವವರ ಲೆಕ್ಕ ಇಟ್ಟುಕೊಂಡು ಯಾವ ಹಾಡನ್ನು ಉಳಿಸಬೇಕೆಂದು ಅವರು ಎಣಿಸಿರಲಾರರು. ನಮ್ಮ ಹುಡುಗಿ ಹಾಡು ಮುಗಿದ ಕೂಡಲೇ ಪರದೆಯ ಕೆಳಗಿನ ಅಂಕಿ ನೋಡುತ್ತಾಳೆ. ಜಾತಿ ಕೇಳುವ ಊರನ್ನು ಬಿಟ್ಟು ಹೋದವಳಿಗೆ ಅಂಕಿ ಹೇಳುವ ಊರು ಸಿಕ್ಕಿತು. ಅವಳ ದನಿ ನಿಜವಾಗಿ ಅರಳುವುದು ಸುಗ್ಗಿ ಹಾಡಿನಲ್ಲಿ, ಇದನ್ನು ಅವಳಿಗೆ ಎದುರು ಕೂತು ಹೇಳಿದೆ. ಮೊಬೈಲು ಬದಿಗಿಟ್ಟು ಎರಡು ಹಾಡು ಹಾಡಿದಳು. ಅಕ್ಕ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಆ ನೆಂಟರ ಹತ್ತಿರವೂ ಮಾತಾಡಿದೆ. ಫೋಟೋ ಹಾಕಿದ್ದು ಸರಿಯಾಗಲಿಲ್ಲ, ಒಂದು ಮಾತು ಕೇಳಬೇಕಿತ್ತು ಎಂದೆ. ಅವರ ಕಣ್ಣಲ್ಲಿ ನೀರು ಬಂತು. "ದೂರ ಇದ್ದವ್ರಿಗೆ ಕಡೀಗೊಮ್ಮೆ ಮೋರೆ ಕಾಣ್ಲಿ ಅಂದೇ ಹಾಕಿದ್ದು ತಮ್ಮಾ. ನೀ ಮುಟ್ಟೂದು ಮೂರ್ ದಿನ ಅಂತ ಗೊತ್ತಿತ್ತು." ಅದೂ ಸುಳ್ಳಲ್ಲ. ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು. ಅಪ್ಪನನ್ನು ನಾನು ಕೊನೆಗೆ ಕಂಡದ್ದು ಆ ಸ್ಟೇಟಸ್ಸಿನಲ್ಲೇ. ಕೇಳಿ ಹಾಕಬೇಕಿತ್ತು ಎನ್ನುವ ನನ್ನ ಮಾತು ಈಗಲೂ ಅದೇ. ಆದರೆ ಆ ಚಿತ್ರವನ್ನು ನಾನೂ ಅಳಿಸಿಲ್ಲ.

ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ತಮ್ಮ ತನ್ನ ಫೋನಿನ ಫೋಟೋಗಳನ್ನು ತೋರಿಸುತ್ತಿದ್ದ. ಫೋನು ನಡುವೆ ಒಂದು ಪ್ರಶ್ನೆ ಹಾಕಿತು. ಅಕ್ಕಪಕ್ಕದಲ್ಲಿ ಎರಡು ಮೋರೆ: ಅಂಗಳದಲ್ಲಿ ಮೇಲಿನ ಗುಂಡಿ ಹಾಕಿ ನಿಂತ ಅಪ್ಪ, ಮೊನ್ನೆ ತೋಟದಲ್ಲಿ ತೆಗೆದ ನಾನು. ಇಬ್ಬರೂ ಒಂದೇ ವ್ಯಕ್ತಿಯೋ, ಬೇರೆ ಬೇರೆಯೋ ಎಂದು ಅದು ಕೇಳುತ್ತಿತ್ತು.

"ಎಂತಾ ಒತ್ತೂದು ಅಣ್ಣ?" ಎಂದ ತಮ್ಮ.

"ಬೇರೆ ಅಂತ ಒತ್ತು" ಎಂದೆ.

ಅವನು ಸ್ವಲ್ಪ ಹೊತ್ತು ಎರಡೂ ಮೋರೆಗಳನ್ನು ನೋಡಿದ. ಏನೂ ಒತ್ತದೆ ಫೋನನ್ನು ಬೋರಲು ಹಾಕಿದ.