ಪಿಯಾನೊಗೆ ಸಾಂಬ್ರಾಣಿ ಹೊಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಗೆ, ಕಾಫಿ ತೋಟ ಮಾರಿ ಊರು ಬಿಟ್ಟವರೊಬ್ಬರ ಹಳೆಯ ಪಿಯಾನೊವನ್ನು ಕೊಂಡು ತಂದಾಗ, ಅದನ್ನು ಜಗಲಿಗೆ ಏರಿಸುವುದು ಹೇಗೆಂಬ ಚಿಂತೆಯೊಂದೇ ನನಗಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಮರ, ಉಣ್ಣೆ, ಉಕ್ಕುಗಳ ಈ ವಾದ್ಯ ಹೇಗೆ ಬಾಳೀತೆಂದು ಯೋಚಿಸಿರಲಿಲ್ಲ.

ಆರಿದ್ರಾ ಮಳೆ ಹಿಡಿದ ವಾರದಲ್ಲೇ, ಒತ್ತಿದ ಕೀಗಳು ಮೇಲೇಳಲು ಒಪ್ಪಲಿಲ್ಲ. ಶ್ರುತಿ ಮಾಡುವವರನ್ನು ಬೆಂಗಳೂರಿನಿಂದ ಕರೆಸಬೇಕಾಯಿತು. ತಂತಿಗಳ ಹಿಂದಿರುವ ಮರದ ಹಲಗೆ ತೇವ ಹೀರಿ ಉಬ್ಬಿದಾಗ ತಂತಿಗಳು ಬಿಗಿದು ಶ್ರುತಿ ಏರುತ್ತದೆಂದೂ, ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ಶ್ರುತಿ ಇಳಿಯುತ್ತದೆಂದೂ, ಆದ್ದರಿಂದ ವರ್ಷಕ್ಕೆರಡು ಬಾರಿ ತಾವು ಬರಬೇಕಾದೀತೆಂದೂ ಅವರು ವಿವರಿಸಿದರು. ವೀಣೆಗೆ ಏಳು ಬಿರಡೆ. ಇದರ 88 ಕೀಗಳಿಗೆ ಇನ್ನೂರಕ್ಕೂ ಮಿಕ್ಕಿ. ಹೊರಡುವಾಗ, ಒಳಗೊಂದು ಸಣ್ಣ ಬಲ್ಬ್ ಉರಿಸಿಡಲು ಹೇಳಿದರು.

ನಮ್ಮೂರಿನಲ್ಲಿ ಗಾಳಿ ಬೀಸುವ ಮೊದಲೇ ಕರೆಂಟು ಹೋಗುತ್ತದೆ. ಕರೆಂಟಿದ್ದ ದಿನಗಳಲ್ಲಿ ಆ ಬಲ್ಬಿನ ಬಿಸಿಗೆ ಇಲಿಯೊಂದು ಸಂಸಾರ ಸಮೇತ ಬಂದು, ತಂತಿಯ ನಾದ ತಡೆಯುವ ಉಣ್ಣೆಯ ತುಂಡುಗಳನ್ನು ಕಿತ್ತು ಹಾಸಿಗೆ ಮಾಡಿಕೊಂಡಿತು. ಇದನ್ನು ಕಂಡ ಅಮ್ಮ, ಬಾಣಂತಿಗೆ ಹಾಕುವಂತೆಯೇ, ಮುಚ್ಚಳ ತೆರೆದು ಪಿಯಾನೊಗೆ ಪ್ರತಿ ಸಂಜೆ ಸಾಂಬ್ರಾಣಿ ಹೊಗೆ ಹಾಕತೊಡಗಿದಳು. ಬಚ್ಚಲೊಲೆಯ ಪಕ್ಕಕ್ಕೇ ಸಾಗಿಸಿದರೆ ಅಡಿಕೆಯಂತೆ ಚೆನ್ನಾಗಿ ಒಣಗೀತೆಂಬ ಅಪ್ಪಯ್ಯನ ಸಲಹೆಯನ್ನು ಮಾತ್ರ ನಾನು ಅಡ್ಡ ನಿಂತು ತಡೆದೆ.

ಆ ಮಳೆಗಾಲದಲ್ಲೇ ಕೆಳಸ್ಥಾಯಿಯ ಒಂದು ಕೀ ಒತ್ತಿದಾಗಲೆಲ್ಲ ಕಣಜದ ಹುಳು ಸಿಕ್ಕಿಬಿದ್ದಂತೆ ಝುಂಯ್ ಎನ್ನತೊಡಗಿತು. ದೀಪಾವಳಿ ಕಳೆದು ಬಂದ ಶ್ರುತಿಗಾರರು ಬಹಳ ಹೊತ್ತು ಕಿವಿಗೊಟ್ಟು, ಹಲಗೆ ಬಿರುಕು ಬಿಟ್ಟಿರಬಹುದೆಂದೂ, ಹಾಗಿದ್ದರೆ ವಾದ್ಯವನ್ನು ಬೆಂಗಳೂರಿಗೇ ಒಯ್ಯಬೇಕೆಂದೂ ಹೇಳಿದಾಗ, ನಾನು ಮನಸ್ಸಿನಲ್ಲೇ ಆ ವರ್ಷದ ಅಡಿಕೆಯ ಲೆಕ್ಕ ಹಾಕಿದೆ. ಕೊನೆಗೊಮ್ಮೆ ನೋಡಿಬಿಡೋಣವೆಂದು ಅವರು ಕೆಳಗಿನ ಹಲಗೆಯನ್ನು ಕಳಚಿ ಟಾರ್ಚ್ ಬಿಟ್ಟರು. ಸಾಂಬ್ರಾಣಿ ಬೂದಿಯ ನಡುವೆ, ಹಲಗೆಗೆ ಒರಗಿಕೊಂಡು ಅಪ್ಪಯ್ಯನ ಅಡಕತ್ತರಿ ಕುಳಿತಿತ್ತು.

“ಅಯ್ಯೋ, ಆಚೆಮನೆ ಭಾವನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ!” ಎಂದು ಅಪ್ಪಯ್ಯ ಅದನ್ನು ಪಂಚೆಯಲ್ಲಿ ಒರೆಸಿ, ಅಲ್ಲೇ ಒಂದು ಅಡಿಕೆ ಹೋಳು ಮಾಡಿ ಶ್ರುತಿಗಾರರಿಗೂ ಕೊಟ್ಟು, ಮಾತಿನ ಭರದಲ್ಲಿ ಅಡಕತ್ತರಿಯನ್ನು ಪಿಯಾನೊದ ಮೇಲೆಯೇ ಇಟ್ಟರು.