ಕೂಲಿ ಬೆಳಗಿನ ತನಕ ನಿಲ್ಲಬಾರದು

ಕ್ರೈಸ್ತ ಮೌಲ್ಯಗಳಿಗೆ ತಕ್ಕಂತೆ ವ್ಯಾಪಾರ ನಡೆಸುವುದು ಹೇಗೆ ಎಂದು ಕೇಳಿದರೆ, ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ದಾನದ ಸುತ್ತ ತಿರುಗುತ್ತದೆ. ಲಾಭದಲ್ಲಿ ದಶಮಾಂಶ ಕೊಡುತ್ತೇವೆ, ಭಾನುವಾರ ಬಾಗಿಲು ಮುಚ್ಚುತ್ತೇವೆ, ವಾರದ ಸಭೆಯನ್ನು ಪ್ರಾರ್ಥನೆಯಿಂದ ಆರಂಭಿಸುತ್ತೇವೆ ಎನ್ನುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಬಹಳ ವರ್ಷಗಳಿಂದ ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಂಡು ಬಂದಿರುವ ನನಗೆ, ಲಾಭ ಎಲ್ಲಿಗೆ ಹೋಯಿತು ಎಂಬುದಕ್ಕಿಂತ ಎಲ್ಲಿಂದ ಬಂತು ಎಂಬುದನ್ನೇ ಬೈಬಲ್ ಹೆಚ್ಚು ಒತ್ತಿ ಕೇಳುತ್ತದೆ ಎಂದು ಅನ್ನಿಸುತ್ತದೆ. ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಅದೇ ಅಧ್ಯಾಯ ಮುಂದೆ ತಕ್ಕಡಿಯೂ ಅಳತೆಯೂ ನ್ಯಾಯವಾಗಿರಬೇಕು ಎನ್ನುತ್ತದೆ. ವ್ಯಾಪಾರ ನಿಲ್ಲಿಸಿ ವಿಶ್ರಮಿಸಬೇಕಾದ ಸಬ್ಬತ್ ದಿನ ಯಾವಾಗ ಮುಗಿದೀತು, ಯಾವಾಗ ಕೊಳಗವನ್ನು ಕಿರಿದು ಮಾಡಿ ಧಾನ್ಯ ಮಾರಿಯೇವು ಎಂದು ಕಾದು ಕುಳಿತಿದ್ದ ವರ್ತಕರನ್ನು ಪ್ರವಾದಿ ಆಮೋಸನು ಗದರಿಸುತ್ತಾನೆ. ಅವರು ಸಬ್ಬತ್ತನ್ನು ಆಚರಿಸುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ಒಂದು ಶುಕ್ರವಾರದ ಮಧ್ಯಾಹ್ನ ನನ್ನ ಮೇಜಿನ ಮೇಲಿದ್ದ ಒಂದು ಬಿಲ್ಲು ಇದನ್ನೆಲ್ಲ ನನಗೆ ಕಲಿಸಿತು. ಕಚೇರಿಯನ್ನು ಗುಡಿಸಿ ಒರೆಸುವ ಮಹಿಳೆಯೊಬ್ಬರು ಕೈಯಿಂದ ಬರೆದು ಕೊಟ್ಟಿದ್ದ ಬಿಲ್ಲು ಅದು. ನಾಲ್ಕು ವಾರಗಳ ಕೆಲಸ, ಪ್ರತಿ ದಿನದ ಗಂಟೆಗಳನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದ್ದರು. ಅದರ ಮೂಲೆಯಲ್ಲಿ ಮಾಲೀಕರು ಪೆನ್ಸಿಲಿನಲ್ಲಿ "ಮುಂದಿನ ತಿಂಗಳು" ಎಂದು ಗುರುತು ಹಾಕಿದ್ದರು. ಬ್ಯಾಂಕಿನಲ್ಲಿ ಹಣವಿತ್ತು. ಅದೇ ವಾರ ಅದೇ ಸಂಸ್ಥೆಯಿಂದ ಒಂದು ಧರ್ಮಕಾರ್ಯಕ್ಕೆ ದೊಡ್ಡ ಮೊತ್ತದ ಚೆಕ್ಕು ಹೋಗಿತ್ತು. ಆ ಮಾಲೀಕರು ಕೆಟ್ಟವರಲ್ಲ; ಬಿಲ್ಲನ್ನು ತಡೆಹಿಡಿಯುವುದು ಹಣಕಾಸಿನ ಜಾಣತನ, ದಾನ ಕೊಡುವುದು ಭಕ್ತಿ ಎಂದು ಎರಡನ್ನು ಎರಡು ಪುಟಗಳಲ್ಲಿ ಬರೆದುಕೊಂಡಿದ್ದರು, ಅಷ್ಟೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ. ಆ ಪೆನ್ಸಿಲ್ ಗುರುತನ್ನು ನೋಡಿದ ಮೇಲೆ ಆ ಮಾತನ್ನು ಬರಿಯ ಅಲಂಕಾರವೆಂದು ಓದಲು ನನ್ನಿಂದ ಸಾಧ್ಯವಾಗಿಲ್ಲ.

ಈ ದೇಶದಲ್ಲಿ ಹೀಗೆ ಎರಡು ಪುಟ ಮಾಡದೆ ವ್ಯಾಪಾರ ನಡೆಸಲು ನೋಡಿದ ಒಂದು ಕ್ರೈಸ್ತ ಪಂಥವಿತ್ತು: ಕ್ವೇಕರರು. ವಿಶ್ವವಿದ್ಯಾಲಯಗಳ ಮತ್ತು ಸರ್ಕಾರಿ ಹುದ್ದೆಗಳ ದಾರಿ ಅವರಿಗೆ ಬಹುಕಾಲ ಮುಚ್ಚಿದ್ದರಿಂದ ಅವರು ವ್ಯಾಪಾರಕ್ಕಿಳಿದರು. ಚೌಕಾಸಿಯಲ್ಲಿ ಸುಳ್ಳು ನುಸುಳುತ್ತದೆ ಎಂಬ ಕಾರಣಕ್ಕೆ ಎಲ್ಲರಿಗೂ ಒಂದೇ ಬೆಲೆ ಹೇಳುವ ಪದ್ಧತಿಯನ್ನು ಹಿಡಿದರು. ಮಗುವನ್ನು ಕಳುಹಿಸಿದರೂ ಅದೇ ಬೆಲೆಗೆ ಸಾಮಾನು ಸಿಗಬೇಕು ಎಂಬುದು ಅದರ ತಿರುಳು. ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಸಭೆಯ, ಅಂದರೆ ಕೂಡಿ ಆರಾಧಿಸುವವರ ಸಂಘದ, ಶಿಸ್ತು. ತಾಕತ್ತು ಮೀರಿ ಸಾಲ ಮಾಡಿ ದಿವಾಳಿಯಾಗಿ ಸಾಲ ಕೊಟ್ಟವರನ್ನು ಮುಳುಗಿಸಿದ ಸದಸ್ಯನನ್ನು ಸಭೆ ವಿಚಾರಿಸುತ್ತಿತ್ತು, ತಪ್ಪು ಕಂಡರೆ ಹೊರಗೂ ಹಾಕುತ್ತಿತ್ತು. ಅಂದರೆ ವ್ಯಾಪಾರಿಯ ಆತ್ಮಸಾಕ್ಷಿ ಅವನೊಬ್ಬನ ಸ್ವಂತ ಸೊತ್ತಾಗಿರಲಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಅವನ ಪಕ್ಕದಲ್ಲಿ ಮೌನವಾಗಿ ಕೂತು ಆರಾಧಿಸುವವರಿಗೂ ಇತ್ತು.

ಆ ಪಂಥದವರೇ ಆದ, ಚಾಕೊಲೇಟ್ ತಯಾರಿಸುತ್ತಿದ್ದ ಕ್ಯಾಡ್ಬರಿ ಸಹೋದರರು 1879ರಲ್ಲಿ ತಮ್ಮ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಮಿನ ಇಕ್ಕಟ್ಟಿನಿಂದ ಬೋರ್ನ್‌ವಿಲ್ಲಿಗೆ ಒಯ್ದರು. ಅಲ್ಲಿ ಕೈತೋಟವಿರುವ ಮನೆಗಳು ಎದ್ದವು. 1900ರಲ್ಲಿ ಆ ಊರನ್ನೇ ಒಂದು ಟ್ರಸ್ಟಿಗೆ ಬಿಟ್ಟುಕೊಡಲಾಯಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಭಾಗವನ್ನು ನಾವು ಕ್ರೈಸ್ತರು ಇನ್ನೂ ಗಟ್ಟಿಯಾಗಿ ಹೇಳಬೇಕು. ಕೋಕೋ ಬರುತ್ತಿದ್ದ, ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದ ಆಫ್ರಿಕದ ಸಾವೊ ಟೋಮೆ ದ್ವೀಪದಲ್ಲಿ, ಅಂಗೋಲಾದಿಂದ ತಂದ ಆಳುಗಳನ್ನು ಗುಲಾಮರಂತೆ ದುಡಿಸಲಾಗುತ್ತಿದೆ ಎಂಬ ಸುದ್ದಿ ಕಂಪನಿಯನ್ನು ತಲುಪಿದ್ದು 1901ರಲ್ಲಿ. ಖರೀದಿ ನಿಂತದ್ದು 1909ರಲ್ಲಿ. ನಡುವಿನ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ: ತನಿಖೆಗೆ ಜನರನ್ನು ಕಳುಹಿಸಿದರು, ಪೋರ್ಚುಗಲ್ಲಿನ ಮೇಲೆ ಒತ್ತಡ ತಂದರು, ಖರೀದಿ ನಿಲ್ಲಿಸಿದರೆ ಆ ಒತ್ತಡದ ಬಲವೂ ಹೋಗುತ್ತದೆ ಎಂದು ವಾದಿಸಿದರು. ಆದರೆ ಕೋಕೋ ಬರುತ್ತಲೇ ಇತ್ತು. ಇದನ್ನು ಟೀಕಿಸಿದ ಪತ್ರಿಕೆಯ ಮೇಲೆ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದಿತು. ಆದರೆ ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲು ಭಾಗ. ಆ ನಾಣ್ಯದ ಬೆಲೆಯಲ್ಲಿ ಒಂದು ತೀರ್ಪು ಅಡಗಿದೆ ಎಂದೇ ನಾನು ನಂಬುತ್ತೇನೆ. ತನ್ನ ಗೇಟಿನ ಒಳಗಿನ ಕಾರ್ಮಿಕನನ್ನು ನೆರೆಯವನೆಂದು ಕಂಡವರಿಗೆ, ಸಮುದ್ರದಾಚೆಯ ಕಾರ್ಮಿಕನೂ ನೆರೆಯವನೇ ಎಂದು ಕಾಣಲು ಎಂಟು ವರ್ಷ ಬೇಕಾಯಿತು.

ಕನ್ನಡ ನಾಡಿನ ಕ್ರೈಸ್ತ ಉದ್ಯಮದ ದಾರಿ ಇದಕ್ಕಿಂತ ಬೇರೆಯಾಗಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲಾಭಕ್ಕೆಂದು ಉದ್ಯಮ ತೆರೆಯಲಿಲ್ಲ. ದೀಕ್ಷಾಸ್ನಾನ ಪಡೆದವರು ಮನೆ, ಜಮೀನು, ಕುಲಕಸುಬು ಎಲ್ಲವನ್ನೂ ಕಳೆದುಕೊಂಡು ನಿಂತಾಗ ಅವರಿಗೆ ಅನ್ನದ ದಾರಿ ಬೇಕಾಯಿತು. ಹಲವು ಕಸುಬುಗಳನ್ನು ಪ್ರಯತ್ನಿಸಿದ ಮೇಲೆ ನೇಯ್ಗೆಯೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ನೆಲೆ ನಿಂತವು. ಕೆಲಸವೇ ಇಲ್ಲಿ ಮೊದಲ ದಾನವಾಗಿತ್ತು ಎಂಬ ಕಾರಣಕ್ಕೆ ಈ ದಾರಿ ನನಗೆ ಬೋರ್ನ್‌ವಿಲ್ಲಿಗಿಂತ ಹತ್ತಿರವೆನಿಸುತ್ತದೆ. ಆದರೂ ಇದಕ್ಕೊಂದು ಗಂಡಾಂತರವಿದೆ. ಸಂಬಳ ನಿಗದಿ ಮಾಡುವವರೂ ಆರಾಧನೆಯಲ್ಲಿ ಕರ್ತನ ಭೋಜನದ ರೊಟ್ಟಿ ಬಡಿಸುವವರೂ ಒಂದೇ ಮಿಷನ್ನಿನವರಾದಾಗ, ಸಂಬಳ ಸಾಲದು ಎಂದು ಕೆಲಸಗಾರ ಯಾರ ಬಳಿ ಹೇಳಿಕೊಳ್ಳಬೇಕು? ಕ್ವೇಕರರಲ್ಲಿ ಸಭೆ ಮಾಲೀಕನ ಮೇಲಿತ್ತು. ಇಲ್ಲಿ ಮಿಷನ್ನೇ ಮಾಲೀಕನಾಗಿತ್ತು.

ಮಾಲೀಕನನ್ನು ಕೇಳುವವರೊಬ್ಬರು ಇರಬೇಕು ಎಂಬ ತಿಳಿವು ಕನ್ನಡಿಗರಿಗೆ ಹೊಸದಲ್ಲ. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಶರಣ ಆಯ್ದಕ್ಕಿ ಮಾರಯ್ಯನನ್ನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಕಾಯಕ ಶುದ್ಧವಾಗಿರದೆ ದಾಸೋಹ ಸಲ್ಲದು ಎಂದು ಶರಣರು ಕಂಡದ್ದನ್ನು, ದಾನದ ಚೆಕ್ಕಿನಿಂದ ಲೆಕ್ಕ ಆರಂಭಿಸುವ ಇಂದಿನ ಕ್ರೈಸ್ತ ವ್ಯಾಪಾರಿ ಕೇಳಿಸಿಕೊಂಡರೆ ಅವನ ನಂಬಿಕೆಗೆ ಏನೂ ಕೊರತೆಯಾಗದು.

ನಮ್ಮ ಸಭೆಯ ಹಿರಿಯರ ಮುಂದೆ ನಾನೊಂದು ಕೋರಿಕೆ ಇಟ್ಟಿದ್ದೇನೆ. ವ್ಯಾಪಾರದಲ್ಲಿರುವ ಸದಸ್ಯರು ವರ್ಷಕ್ಕೊಮ್ಮೆ ಇಬ್ಬರು ಹಿರಿಯರೆದುರು ಕುಳಿತು, ತಮಗಾಗಿ ದುಡಿದವರಿಗೆ ಎಷ್ಟು ದಿನಗಳಲ್ಲಿ ಹಣ ಕೊಟ್ಟೆವು ಎಂಬುದನ್ನು ತಿಳಿಸಲಿ. ವ್ಯಾಪಾರದ ಲೆಕ್ಕ ಖಾಸಗಿಯಾದದ್ದು ಎಂಬ ಆಕ್ಷೇಪ ಬಂದಿದೆ, ಅದರಲ್ಲಿ ಹುರುಳೂ ಇದೆ; ಆದ್ದರಿಂದ ಲಾಭ, ಬಂಡವಾಳ, ಗಿರಾಕಿಗಳು ಯಾರೆಂಬುದು ಯಾವುದನ್ನೂ ಕೇಳಬೇಕಾಗಿಲ್ಲ. ಪಾವತಿಯ ದಿನಗಳ ಒಂದು ಪಟ್ಟಿ ಸಾಕು, ಮತ್ತು ಆ ಪಟ್ಟಿಯ ಮೊದಲ ಸಾಲಿನಲ್ಲಿ ಕಚೇರಿ ಗುಡಿಸುವವರ ಹೆಸರಿರಬೇಕು.