ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕ್ಲೋನ್ ಪಾರ್ಟ್ಸ್ ಸಾಕಾ?

ಪರ: ಧಾರಾಳವಾಗಿ ಸಾಕು

ಇಂಜಿನಿಯರಿಂಗ್ ಕೊನೆ ವರ್ಷದಲ್ಲಿ ನಾಲ್ಕು ಜನ ಸೇರಿ ದುಡ್ಡು ಹಾಕಿ ರೋಬೋ ಮಾಡುವ ಪ್ರಾಜೆಕ್ಟ್ ಅದು. ಕ್ಲೋನ್ ಅಂದರೆ ಅದೇ ವಿನ್ಯಾಸ ನೋಡಿ ಬೇರೆಯವರು ಅಗ್ಗವಾಗಿ ಮಾಡಿದ್ದು. ಬೋರ್ಡಿನ ಮೇಲಿರುವ ಹೆಸರಿಗೆ ಯಾಕೆ ಕಾಸು ಸುರಿಯಬೇಕು? ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಆರ್ಡುಯಿನೊ (ಪ್ರೋಗ್ರಾಂ ಬರೆದು ಮೋಟಾರು, ಸೆನ್ಸರ್ ನಡೆಸುವ ಪುಟ್ಟ ಬೋರ್ಡ್) ಶುರುವಾಗಿದ್ದೇ ವಿದ್ಯಾರ್ಥಿಗಳ ಕೈಗೆಟುಕುವ ಬೋರ್ಡ್ ಬೇಕು ಅಂತ. ಅದರ ಸರ್ಕ್ಯೂಟ್ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಆ ಹೆಸರು ಮತ್ತು ಲೋಗೊ ಹಾಕದೆ ಯಾರು ಬೇಕಾದರೂ ಅಂಥದೇ ಬೋರ್ಡ್ ಮಾಡಿ ಮಾರಬಹುದು. ಹಾಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸಿಗುವ ಊನೊ (ಆರ್ಡುಯಿನೊದ ಒಂದು ಮಾದರಿ) ಕ್ಲೋನ್ ಕೊಂಡರೆ ತಪ್ಪೇನೂ ಇಲ್ಲ. ಸಾಮಾನ್ಯವಾಗಿ ಅದರಲ್ಲೂ ಒರಿಜಿನಲ್‌ನಲ್ಲಿರುವ ಎಟಿಮೆಗಾ328ಪಿ ಅನ್ನುವ ಮುಖ್ಯ ಚಿಪ್ಪೇ ಇರುತ್ತದೆ. ಯುಎಸ್‌ಬಿ ಕಡೆಗೆ ಮಾತ್ರ ಸಿಎಚ್340 ಅನ್ನುವ ಅಗ್ಗದ ಚಿಪ್ ಹಾಕಿರುತ್ತಾರೆ. ಕಂಪ್ಯೂಟರಿನಲ್ಲಿ ಅದರ ಡ್ರೈವರ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಂಡರೆ ಆಯ್ತು.

ಇನ್ನೊಂದು ವಿಷಯ. ಕಲಿಯುವ ಕೈಯಲ್ಲಿ ಬೋರ್ಡ್ ಸುಡುತ್ತದೆ. ಊನೊದ ಒಂದು ಪಿನ್ 20 ಮಿಲಿಆಂಪಿಯರ್ ಆರಾಮಾಗಿ ಕೊಡುತ್ತದೆ, 40 ದಾಟಿದರೆ ಹೋಯ್ತು. ಆ ಪಿನ್ನಿಗೇ ಮೋಟಾರನ್ನು ನೇರವಾಗಿ ಸಿಕ್ಕಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಒರಿಜಿನಲ್ ಒಂದರ ದುಡ್ಡಿಗೆ ಕ್ಲೋನ್ ನಾಲ್ಕೈದು ಬರುತ್ತವೆ. ಸುಟ್ಟರೂ ಎದೆ ಒಡೆಯುವುದಿಲ್ಲ, ಸ್ಪೇರ್ ತೆಗೆದು ಹಾಕಿ ಅದೇ ರಾತ್ರಿ ಕೆಲಸ ಮುಂದುವರಿಸಬಹುದು. ಹೆದರಿಕೊಂಡು ಮುಟ್ಟದೇ ಇಟ್ಟ ದುಬಾರಿ ಬೋರ್ಡಿನಿಂದ ಯಾರೂ ಏನೂ ಕಲಿಯುವುದಿಲ್ಲ, ಅಲ್ವಾ?

ಉಳಿದ ದುಡ್ಡನ್ನು ಒಳ್ಳೆ ಗೇರ್ ಮೋಟಾರು, ಬೇರಿಂಗು, ಗಟ್ಟಿ ಚಾಸಿಗೆ ಹಾಕಿ. ಡೆಮೊ ದಿನ ಅಲುಗಾಡುವ ಚಕ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೋರ್ಡ್ ಯಾವ ಕಂಪನಿಯದು ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ವಿರೋಧ: ಎಲ್ಲದಕ್ಕೂ ಸಾಕಾಗುವುದಿಲ್ಲ

ಊನೊ ಕ್ಲೋನ್ ವಿಷಯ ಒಪ್ಪುತ್ತೇನೆ. ಆದರೆ ಅದನ್ನೇ ಆಧಾರ ಮಾಡಿಕೊಂಡು ಇಡೀ ಪಟ್ಟಿಯನ್ನು ಅಗ್ಗದ ಮಾಲಿನಿಂದ ತುಂಬಿಸುವುದು ಅಪಾಯ, ಯಾಕೆಂದರೆ ಅದೇ ಗಲ್ಲಿಯಲ್ಲಿ ಬೇರೆ ಕಂಪನಿಯ ಹೆಸರನ್ನೇ ಅಚ್ಚು ಹಾಕಿದ ನಕಲಿ ಮಾಲೂ ಸಿಗುತ್ತದೆ.

ರೀಚಾರ್ಜ್ ಮಾಡುವ 18650 ಲಿಥಿಯಂ ಸೆಲ್ ನೋಡಿ. ಮೈಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದು ಮಾರುತ್ತಾರೆ. ಒಳ್ಳೆ ಕಂಪನಿಯ ಸೆಲ್ಲೇ 2500ರಿಂದ 3500ರ ಆಸುಪಾಸು ಕೊಡುವಾಗ ಇದು ಎಲ್ಲಿಂದ ಬಂತು? ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಸರಿಯಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ನಕಲಿ ಎಷ್ಟೋ ಸಲ ತೀರಾ ಹಗುರ. ಲಿಥಿಯಂ ಸೆಲ್ ಕೆಟ್ಟರೆ ಪ್ರಾಜೆಕ್ಟ್ ನಿಲ್ಲುವುದಷ್ಟೇ ಅಲ್ಲ, ಹಾಸ್ಟೆಲ್ ರೂಮಿಗೆ ಬೆಂಕಿಯೂ ಬೀಳಬಹುದು. ಇಲ್ಲಿ ಉಳಿತಾಯದ ಮಾತೇ ಬೇಡ.

ನಕಲಿ ಚಿಪ್ಪಿನ ಕಥೆಯೂ ಇದೆ. 2014ರಲ್ಲಿ ಯುಎಸ್‌ಬಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತು. ಅದು ಆ ಕಂಪನಿಯ ಎಫ್‌ಟಿ232 ಹೆಸರಿನ ನಕಲಿ ಚಿಪ್ಪುಗಳ ಗುರುತಿನ ನಂಬರನ್ನೇ ಸೊನ್ನೆ ಮಾಡಿಬಿಟ್ಟಿತು. ನಿನ್ನೆವರೆಗೆ ಓಡುತ್ತಿದ್ದ ಬೋರ್ಡನ್ನು ಕಂಪ್ಯೂಟರ್ ಗುರುತಿಸದಾಯಿತು. ನಕಲಿ ಅಂತ ಗೊತ್ತಿಲ್ಲದೆ ಕೊಂಡವರೂ ಸಿಕ್ಕಿಬಿದ್ದರು.

ಅಗ್ಗದ ಪಾರ್ಟ್ ಅಸಲಿಯೇ ಆಗಿದ್ದರೂ ಲೆಕ್ಕ ತಪ್ಪಬಹುದು. ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟಾರ್ ಡ್ರೈವರ್ ಎಲ್ಲರ ಖರೀದಿ ಪಟ್ಟಿಯಲ್ಲೂ ಇರುತ್ತದೆ. ಒಂದು ಆಂಪಿಯರ್ ಎಳೆದರೆ ಅದೇ 2ರಿಂದ 3 ವೋಲ್ಟ್ ತಿಂದುಹಾಕುತ್ತದೆ. ನಿಮ್ಮ 7.4 ವೋಲ್ಟ್ ಬ್ಯಾಟರಿಯಲ್ಲಿ ಮೋಟಾರಿಗೆ ತಲುಪುವುದು ಸುಮಾರು 5. ರೋಬೋ ಏರು ಹತ್ತುವುದಿಲ್ಲ ಅಂತ ದೊಡ್ಡ ಬ್ಯಾಟರಿ ತರುತ್ತೀರಿ, ತೂಕ ಜಾಸ್ತಿಯಾಗಿ ಮೋಟಾರೂ ಬದಲಾಗುತ್ತದೆ, ಖರ್ಚು ಏರುತ್ತಲೇ ಹೋಗುತ್ತದೆ. ಸಣ್ಣ ಮೋಟಾರಿಗೆ ಮೊದಲೇ ಟಿಬಿ6612 ಅನ್ನುವ ಡ್ರೈವರ್ ಹಾಕಿದ್ದರೆ ಇಷ್ಟು ನಷ್ಟವೇ ಇರುತ್ತಿರಲಿಲ್ಲ.

ಬಿಲ್ಲಿನ ಕಥೆ ಬೇರೆ. ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯಿಂದಲೋ ಕಾಲೇಜಿನಿಂದಲೋ ದುಡ್ಡು ಸಿಕ್ಕಿದ್ದರೆ ಕೊನೆಗೆ ಲೆಕ್ಕ ಕೊಡಬೇಕು. ಅಂಗಡಿಯವರು ಕೈಯಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಚೀಟಿ ಅಲ್ಲಿ ನಡೆಯುವುದು ಕಷ್ಟ.

ಸೆಲ್, ಚಾರ್ಜರ್, ವೋಲ್ಟೇಜ್ ರೆಗ್ಯುಲೇಟರ್, ಅಳತೆಯೇ ಮುಖ್ಯವಾದ ಸೆನ್ಸರ್: ಈ ನಾಲ್ಕನ್ನಾದರೂ ಪಾರ್ಟ್ ನಂಬರ್ ಹಾಕಿ ಬಿಲ್ ಕೊಡುವ ಕಡೆ ಕೊಳ್ಳಿ. ಬಜೆಟ್ ಸಾಲದಿದ್ದರೆ ರೋಬೋದ ಒಂದು ಫೀಚರ್ ಕಡಿಮೆ ಮಾಡಿ.